ಕರೆದಾಗ ಓಡಿಬರುವ ಪಡೆ: ಸಣ್ಣ ಊರಿಗೊಂದು ಅಗ್ನಿಶಾಮಕ ದಳ ಕಟ್ಟುವ ಬಗೆ

ಗುಜರಾತಿನ ಬಾರ್ಡೋಲಿಯಿಂದ ಸೂರತ್‌ಗೆ ಸುಮಾರು 35 ಕಿಲೋಮೀಟರ್. ಡಭೋಯಿಯಿಂದ ವಡೋದರಾಕ್ಕೆ ಸುಮಾರು 30. ಧೋಳ್ಕಾದಿಂದ ಅಹಮದಾಬಾದಿಗೆ 40ರ ಆಸುಪಾಸು. ನಡುರಾತ್ರಿ ರಸ್ತೆ ಖಾಲಿಯಿದ್ದರೂ ನಾಲ್ಕೂವರೆ ಸಾವಿರ ಲೀಟರ್ ನೀರು ಹೊತ್ತ ಗಾಡಿಗೆ ಇದು ಅರ್ಧ ಗಂಟೆ ಮೀರಿದ ದಾರಿ. ಫೋಮ್ ಹಾಸಿಗೆ, ಪಾಲಿಯೆಸ್ಟರ್ ಪರದೆ, ಪ್ಲಾಸ್ಟಿಕ್ ಸಾಮಾನು ತುಂಬಿದ ಇಂದಿನ ಕೋಣೆ ಹೊತ್ತಿಕೊಂಡರೆ ಐದೇ ನಿಮಿಷದಲ್ಲಿ ನೆಲದಿಂದ ಚಾವಣಿಯವರೆಗೆ ಒಟ್ಟಿಗೇ ಭುಗಿಲೆದ್ದುಬಿಡಬಹುದು. ಹೀಗಾಗಿ ನಗರದ ದಳ ಎಷ್ಟೇ ಸಮರ್ಥವಾಗಿರಲಿ, ಪಕ್ಕದ ಊರಿನ ಬೆಂಕಿಯ ಮೊದಲ ಇಪ್ಪತ್ತು ನಿಮಿಷವನ್ನು ಆ ಊರಿನವರೇ ನಿಭಾಯಿಸಬೇಕು.

ದೇಶದ ಸ್ಥಾಯಿ ಅಗ್ನಿಶಾಮಕ ಸಲಹಾ ಮಂಡಳಿ ಹಾಕಿಕೊಟ್ಟ ಗುರಿಯೂ ಇದನ್ನೇ ಹೇಳುತ್ತದೆ. ಪಟ್ಟಣಗಳಲ್ಲಿ ಕರೆ ಬಂದ ಐದರಿಂದ ಏಳು ನಿಮಿಷದಲ್ಲಿ, ಹಳ್ಳಿಗಾಡಿನಲ್ಲಿ ಇಪ್ಪತ್ತು ನಿಮಿಷದಲ್ಲಿ ಗಾಡಿ ಸ್ಥಳದಲ್ಲಿರಬೇಕು. ಮೂರು ಲಕ್ಷದವರೆಗಿನ ಜನಸಂಖ್ಯೆಗೆ ಪ್ರತಿ 50,000 ಮಂದಿಗೆ ಒಂದು ಪಂಪ್ ಗಾಡಿ ಇರಬೇಕು. ಗಾಡಿ ಹೇಗೋ ಬಂದೀತು. ಅನುದಾನ ಸಿಗುತ್ತದೆ, ಟೆಂಡರ್ ಆಗುತ್ತದೆ, ಹಾರ ಹಾಕಿ ಉದ್ಘಾಟನೆಯೂ ಆಗುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ಅದನ್ನು ಹತ್ತಿ ಹೊರಡುವ ಆರು ಜನ ಎಲ್ಲಿಂದ ಬರಬೇಕು? ಸಣ್ಣ ಊರಿನ ಅಗ್ನಿಶಾಮಕ ದಳದ ಕಷ್ಟವೆಲ್ಲ ಇರುವುದು ಅಲ್ಲಿ. ಯೋಜನೆಯನ್ನು ಅಲ್ಲಿಂದಲೇ ಶುರುಮಾಡಬೇಕು.

ಕರ್ನಾಟಕದಿಂದ ಗುಜರಾತಿಗೆ ಹೋಗಿ ನೆಲೆಸಿದವರಿಗೆ ಒಂದು ವ್ಯತ್ಯಾಸ ತಿಳಿದಿರಬೇಕು. ಕರ್ನಾಟಕದಲ್ಲಿ ಅಗ್ನಿಶಾಮಕ ಮತ್ತು ತುರ್ತು ಸೇವೆಗಳು ರಾಜ್ಯದ ಇಲಾಖೆ. ತಾಲ್ಲೂಕು ಕೇಂದ್ರದ ಠಾಣೆಗೂ ಬೆಂಗಳೂರಿನಿಂದಲೇ ನೇಮಕಾತಿ, ಸಂಬಳ, ಗಾಡಿ. ಗುಜರಾತಿನಲ್ಲಿ ಈ ಹೊಣೆ ಮಹಾನಗರಪಾಲಿಕೆ, ನಗರಪಾಲಿಕೆಗಳದು. ಸಂವಿಧಾನದ 74ನೇ ತಿದ್ದುಪಡಿ ಸೇರಿಸಿದ ಹನ್ನೆರಡನೇ ಅನುಸೂಚಿಯಲ್ಲಿ ಅಗ್ನಿಶಾಮಕ ಸೇವೆ ಸ್ಥಳೀಯ ಸಂಸ್ಥೆಯ ಕೆಲಸಗಳಲ್ಲಿ ಒಂದು. ಅಹಮದಾಬಾದ್, ಸೂರತ್, ವಡೋದರಾದಂಥ ನಗರಗಳಿಗೆ ತೆರಿಗೆಯ ವರಮಾನವಿದೆ, ಹಲವು ಠಾಣೆಗಳಿವೆ. ಸಾಣಂದ್, ಬಾವ್ಳಾ, ಪಾದ್ರಾ, ಕರ್ಜನ್, ಕಡೋದರಾದಂಥ ನಗರಪಾಲಿಕೆಗಳು ಅದೇ ಹೊಣೆಯನ್ನು ತೀರಾ ಸಣ್ಣ ಬೊಕ್ಕಸದಿಂದ ನಡೆಸಬೇಕು. ಈ ಊರುಗಳಲ್ಲಿ ಅಪಾಯವೇನೂ ಸಣ್ಣದಲ್ಲ. ಸಾಣಂದಿನ ಸುತ್ತ ಕಾರು ಕಾರ್ಖಾನೆಗಳು, ಪಾದ್ರಾದ ಸುತ್ತ ರಾಸಾಯನಿಕ ಘಟಕಗಳು, ಕಡೋದರಾದಲ್ಲಿ ಬಟ್ಟೆ ಗಿರಣಿಗಳು, ಬಾರ್ಡೋಲಿಯಲ್ಲಿ ಸಕ್ಕರೆ ಕಾರ್ಖಾನೆ.

ಒಂದು ಸೀಟಿಗೆ ನಾಲ್ಕು ಜನ

ಲೆಕ್ಕ ಹೀಗಿದೆ. ಗಾಡಿಯ ಒಂದು ಸೀಟಿನಲ್ಲಿ ವರ್ಷವಿಡೀ, ಹಗಲೂ ರಾತ್ರಿ ಒಬ್ಬ ಇರಬೇಕೆಂದರೆ ಎಂಟು ಗಂಟೆಯ ಪಾಳಿಯಂತೆ ವರ್ಷಕ್ಕೆ 1,095 ಪಾಳಿ. ಒಬ್ಬ ನೌಕರನಿಗೆ 52 ವಾರದ ರಜೆ, 30 ದಿನ ಗಳಿಕೆ ಮತ್ತು ಅನಾರೋಗ್ಯದ ರಜೆ, 15 ದಿನ ಹಬ್ಬದ ರಜೆ ಕಳೆದರೆ ಉಳಿಯುವುದು 268 ದಿನ. ಅಂದರೆ ಒಂದು ಸೀಟು ತುಂಬಲು ನಾಲ್ಕಕ್ಕೂ ಮಿಕ್ಕಿ ಜನ ಬೇಕು. ವಾಟರ್ ಟೆಂಡರ್, ಅಂದರೆ ನೀರು ಹೊತ್ತ ಅಗ್ನಿಶಾಮಕ ಗಾಡಿ, ಒಂದಕ್ಕೆ ಒಬ್ಬ ಮುಂದಾಳು, ಒಬ್ಬ ಚಾಲಕ ಮತ್ತು ಪಂಪ್ ಆಪರೇಟರ್, ನಾಲ್ವರು ಫೈರ್‌ಮನ್ ಎಂದು ಆರು ಮಂದಿ ಹಿಡಿದರೆ ಒಟ್ಟು 25 ಕಾಯಂ ಹುದ್ದೆ. ನಲವತ್ತು ಸಾವಿರ ಜನಸಂಖ್ಯೆಯ ನಗರಪಾಲಿಕೆ ಒಂದೇ ಗಾಡಿಗೆ 25 ಸಂಬಳ ಕೊಡುವುದು ಕಷ್ಟ. ಕೊನೆಗೆ ಆಗುವುದೇನೆಂದರೆ ಚಾಲಕನ ಜೊತೆ ಒಬ್ಬಿಬ್ಬರು ಗುತ್ತಿಗೆಯ ಹುಡುಗರನ್ನು ಕೂರಿಸಿ ಕಳಿಸುವುದು. ಬೆಂಕಿಯ ಎದುರು ಇಬ್ಬರು ಏನು ಮಾಡಿಯಾರು? ಒಬ್ಬ ಪಂಪ್ ಬಿಟ್ಟು ಕದಲುವಂತಿಲ್ಲ. ಇನ್ನೊಬ್ಬ ಒಂಟಿಯಾಗಿ ಹೋಸ್ ಹಿಡಿದು ಹೊಗೆಯೊಳಗೆ ಹೋಗುವಂತಿಲ್ಲ.

ಬ್ರಿಟನ್ನಿನ ಸಣ್ಣ ಊರುಗಳು ಇದನ್ನು ಬಹಳ ಹಿಂದೆಯೇ ಬಗೆಹರಿಸಿಕೊಂಡಿವೆ. ಅಲ್ಲಿ ಅನೇಕ ಠಾಣೆಗಳಲ್ಲಿ ಪೂರ್ಣಾವಧಿ ಸಿಬ್ಬಂದಿಯೇ ಇರುವುದಿಲ್ಲ. ಬೇಕರಿಯವನು, ಮೆಕ್ಯಾನಿಕ್, ಶಾಲೆಯ ಸಿಬ್ಬಂದಿ ಹೆಸರು ನೋಂದಾಯಿಸಿರುತ್ತಾರೆ. ಅಲಾರಂ ಬಂದರೆ ಕೆಲಸ ಬಿಟ್ಟು ಕೆಲವೇ ನಿಮಿಷದಲ್ಲಿ ಠಾಣೆ ತಲುಪುತ್ತಾರೆ. ಸಿದ್ಧವಾಗಿರುವುದಕ್ಕೆ ವರ್ಷಕ್ಕಿಷ್ಟು ಎಂದು ನಿಗದಿತ ಹಣ, ಪ್ರತಿ ಕರೆಗೆ ಬೇರೆ ಹಣ, ವಾರದ ಕವಾಯತಿಗೂ ಹಣ. ಅಮೆರಿಕದಲ್ಲಿ ಅಗ್ನಿಶಾಮಕರ ಪೈಕಿ ಹೆಚ್ಚಿನವರು ಸ್ವಯಂಸೇವಕರೇ. ಜರ್ಮನಿ, ಆಸ್ಟ್ರಿಯಾದ ಹಳ್ಳಿ ಹಳ್ಳಿಯಲ್ಲೂ ಇಂಥ ದಳಗಳಿವೆ.

ಭಾರತಕ್ಕೆ ಇದು ಪೂರ್ತಿ ಹೊಸದೇನಲ್ಲ. 1946ರ ಡಿಸೆಂಬರಿನಲ್ಲಿ ಅಂದಿನ ಮುಂಬೈ ಪ್ರಾಂತ್ಯದಲ್ಲಿ ಮೊರಾರ್ಜಿ ದೇಸಾಯಿಯವರ ಮುಂದಾಳತ್ವದಲ್ಲಿ ಹುಟ್ಟಿದ ಗೃಹರಕ್ಷಕ ದಳದ ಕಲ್ಪನೆಯೇ ಇದು: ಸ್ವಂತ ಉದ್ಯೋಗ ಇಟ್ಟುಕೊಂಡವರು ಕರೆದಾಗ ಬಂದು ಸೇವೆ ಮಾಡಿ ದಿನಭತ್ಯೆ ಪಡೆಯುವುದು. ಕರ್ನಾಟಕದ ಅಗ್ನಿಶಾಮಕ ಠಾಣೆಗಳಲ್ಲಿ ಗೃಹರಕ್ಷಕರು ಕೆಲಸ ಮಾಡುತ್ತಿದ್ದಾರೆ. ರಾಜ್ಯದ 1964ರ ಅಗ್ನಿಶಾಮಕ ಪಡೆ ಕಾಯ್ದೆಯಲ್ಲಿ ಸ್ವಯಂಸೇವಕರ ಸಹಾಯಕ ಪಡೆ ಕಟ್ಟಲು ಅವಕಾಶವೂ ಇದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಆಪದಾ ಮಿತ್ರ’ ಯೋಜನೆ 350 ಜಿಲ್ಲೆಗಳಲ್ಲಿ ಒಂದು ಲಕ್ಷ ಸ್ವಯಂಸೇವಕರಿಗೆ 12 ದಿನದ ತರಬೇತಿ, ರಕ್ಷಣಾ ಕಿಟ್ಟು, ವಿಮೆ ಕೊಡುವ ಗುರಿ ಇಟ್ಟುಕೊಂಡು ವಿಸ್ತರಣೆಯಾಯಿತು. ಅಂದರೆ ಬಿಡಿಭಾಗಗಳೆಲ್ಲ ನಮ್ಮಲ್ಲಿವೆ. ಒಂದು ಊರಿನ ಒಂದು ಗಾಡಿಯ ಸುತ್ತ ಅವುಗಳನ್ನು ಜೋಡಿಸಬೇಕಷ್ಟೇ.

ಜೋಡಣೆ ಹೇಗಿರಬೇಕು? ಚಾಲಕ ಮತ್ತು ಮುಂದಾಳು, ಈ ಎರಡು ಸೀಟು ಮಾತ್ರ 24 ಗಂಟೆಯೂ ಕಾಯಂ ಸಿಬ್ಬಂದಿಯವು. ಅದಕ್ಕೆ ಎಂಟೊಂಬತ್ತು ಜನ ಸಾಕು. ಉಳಿದ ನಾಲ್ಕು ಸೀಟಿಗೆ ಠಾಣೆಯಿಂದ ಐದು ನಿಮಿಷದ ಅಳತೆಯಲ್ಲಿ ಮನೆಯೋ ಅಂಗಡಿಯೋ ಇರುವ 16ರಿಂದ 20 ಮಂದಿ. ಯಾವ ಹೊತ್ತಿನಲ್ಲೂ ಅವರಲ್ಲಿ ಕಾಲುಭಾಗ ಕೈಗೆ ಸಿಕ್ಕರೆ ಗಾಡಿ ತುಂಬುತ್ತದೆ. ಇಬ್ಬರು ಗಾಡಿ ಹೊರಡಿಸಿಬಿಡುತ್ತಾರೆ. ಉಳಿದವರಲ್ಲಿ ಠಾಣೆಗೆ ಹತ್ತಿರದವರು ಗಾಡಿಗೇ ಹತ್ತುತ್ತಾರೆ, ಬೆಂಕಿಗೆ ಹತ್ತಿರವಿರುವವರು ನೇರ ಸ್ಥಳಕ್ಕೆ ಬರುತ್ತಾರೆ.

ಯಾರನ್ನು ಸೇರಿಸಬೇಕು

ಸೂರತ್‌ನ ಸರ್ಥಾಣಾದ ತಕ್ಷಶಿಲಾ ಆರ್ಕೇಡ್‌ನಲ್ಲಿ 2019ರ ಮೇ 24ರಂದು ಬೆಂಕಿ ಹತ್ತಿ 22 ವಿದ್ಯಾರ್ಥಿಗಳು ಸತ್ತರು. ಮೇಲಿನ ಮಹಡಿಯ ಕೋಚಿಂಗ್ ತರಗತಿಯಿಂದ ಮಕ್ಕಳು ಕೆಳಗೆ ಹಾರುತ್ತಿದ್ದ ದೃಶ್ಯವನ್ನು ದೇಶವಿಡೀ ನೋಡಿತು. ಅಲ್ಲಿಗೆ ಎಟುಕುವ ಏಣಿ ಸಕಾಲಕ್ಕೆ ಬರಲಿಲ್ಲ ಎಂಬ ಆಕ್ರೋಶ ಎಲ್ಲೆಡೆ ಎದ್ದಿತು. ಅದೇ ದೃಶ್ಯದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಬರಿಗೈಯಲ್ಲಿ ಕಟ್ಟಡದ ಅಂಚು ಹಿಡಿದು ಹತ್ತಿ ಮಕ್ಕಳನ್ನು ಇಳಿಸಿಕೊಂಡ ಸ್ಥಳೀಯ ಯುವಕರು ಇದ್ದರು. 2025ರ ಜುಲೈ 9ರಂದು ಪಾದ್ರಾ ತಾಲ್ಲೂಕಿನಲ್ಲಿ ಮಹಿ ನದಿಯ ಗಂಭೀರಾ ಸೇತುವೆ ಕುಸಿದಾಗಲೂ ಮೊದಲು ನೀರಿಗಿಳಿದವರು ಸುತ್ತಲಿನ ಹಳ್ಳಿಯವರು. ಧೈರ್ಯಕ್ಕೆ ಯಾವ ಊರಿನಲ್ಲೂ ಬರವಿಲ್ಲ. ಆ ಧೈರ್ಯಕ್ಕೆ ಹೆಲ್ಮೆಟ್ಟು, ಹಗ್ಗ, ತರಬೇತಿ, ವಿಮೆ ಕೊಡದೇ ಇರುವುದು ಆಡಳಿತದ ತಪ್ಪು.

ಆಯ್ಕೆಯಲ್ಲಿ ಎದೆಯಳತೆಗಿಂತ ಕಸುಬು ನೋಡುವುದು ಒಳ್ಳೆಯದು. ಗ್ಯಾರೇಜ್ ಮೆಕ್ಯಾನಿಕ್‌ಗೆ ಪಂಪ್ ಅರ್ಥವಾಗುತ್ತದೆ. ವೆಲ್ಡರ್‌ಗೆ ಕಬ್ಬಿಣದ ಶಟರ್ ಎಲ್ಲಿ ಕತ್ತರಿಸಬೇಕೆಂದು ಗೊತ್ತು. ನೀರಿನ ಟ್ಯಾಂಕರ್ ಚಾಲಕನಿಗೆ ಊರಿನ ಪ್ರತಿ ಸಂದು ಪರಿಚಿತ. ವಿದ್ಯುತ್ ಕಂಪನಿಯ ಲೈನ್‌ಮನ್ ಒಬ್ಬ ತಂಡದಲ್ಲಿದ್ದರೆ ಅರ್ಧ ಗೆದ್ದಂತೆ. ಸೂರತ್ ಸುತ್ತಲಿನ ಊರುಗಳಿಗೆ ದಕ್ಷಿಣ ಗುಜರಾತ್ ವಿದ್ಯುತ್ ಕಂಪನಿ, ವಡೋದರಾ ಸುತ್ತ ಮಧ್ಯ ಗುಜರಾತ್ ಕಂಪನಿ ವಿದ್ಯುತ್ ಕೊಡುತ್ತವೆ. ಫೀಡರ್ ಬಂದ್ ಮಾಡಿಸುವ ಫೋನ್ ನಂಬರ್ ಠಾಣೆಯ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿರಬೇಕು. ಹಗಲಲ್ಲಿ ಬಜಾರಿನ ಅಂಗಡಿಯವರು ಸಿಗುತ್ತಾರೆ, ರಾತ್ರಿ ಗಿರಣಿಯ ಪಾಳಿ ಮುಗಿಸಿದವರು. ಎರಡೂ ಬಗೆಯವರು ಬೇಕು. ಇಲ್ಲವಾದರೆ ಪಟ್ಟಿಯಲ್ಲಿ ಇಪ್ಪತ್ತು ಹೆಸರಿದ್ದರೂ ಮಧ್ಯಾಹ್ನ ಮೂರಕ್ಕೆ ಒಬ್ಬನೂ ಇರುವುದಿಲ್ಲ.

ಹೆಂಗಸರನ್ನು ಬಿಟ್ಟು ಪಟ್ಟಿ ಮಾಡುವ ಊರು ತನ್ನ ಅರ್ಧ ಬಲವನ್ನು ತಾನೇ ಕಳೆದುಕೊಳ್ಳುತ್ತದೆ. ದೇಶದ ಮೊದಲ ಮಹಿಳಾ ಅಗ್ನಿಶಾಮಕ ಎಂದು ಹೆಸರಾದ ಹರ್ಷಿಣಿ ಕಾನ್ಹೇಕರ್ ನಾಗ್ಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜಿನಲ್ಲಿ ಓದಿ ಒಎನ್‌ಜಿಸಿ ಸೇರಿದವರು. ಅವರು ಸೇವೆ ಶುರುಮಾಡಿದ್ದು ಗುಜರಾತಿನ ಮೆಹ್ಸಾನಾದಲ್ಲಿ.

ಹಣದ ಮಾತು ಸ್ಪಷ್ಟವಾಗಿರಬೇಕು. ಸಿದ್ಧವಾಗಿರುವುದಕ್ಕೆ ತಿಂಗಳಿಗಿಷ್ಟು, ಕರೆಗೆ ಗಂಟೆಯ ಲೆಕ್ಕದಲ್ಲಿ ಇಷ್ಟು, ಸುಳ್ಳು ಕರೆಯಾದರೂ ಕನಿಷ್ಠ ಇಷ್ಟು, ಕವಾಯತಿಗೆ ಇಷ್ಟು. ಎಲ್ಲವೂ ನಗರಪಾಲಿಕೆಯ ಸಾಮಾನ್ಯ ಸಭೆಯ ಠರಾವಿನಲ್ಲಿ ಬರೆದು, ತಿಂಗಳು ತುಂಬುವುದರೊಳಗೆ ಬ್ಯಾಂಕ್ ಖಾತೆಗೆ ಹೋಗಬೇಕು. ದರಕ್ಕೆ ಒಂದು ಅಳತೆಗೋಲು ಈಗಾಗಲೇ ಇದೆ: ಗೃಹರಕ್ಷಕರಿಗೆ ಕೊಡುವ ದಿನಭತ್ಯೆ ಪೊಲೀಸ್ ಕಾನ್‌ಸ್ಟೇಬಲ್‌ನ ಕನಿಷ್ಠ ವೇತನಕ್ಕೆ ಹೊಂದುವಂತಿರಬೇಕು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. ಭತ್ಯೆ ಆರು ತಿಂಗಳು ಬಾಕಿ ಉಳಿಸಿಕೊಂಡ ದಳ ಏಳನೇ ತಿಂಗಳಿಗೆ ಇರುವುದಿಲ್ಲ.

ವಿಮೆಯಿಲ್ಲದೆ ಒಬ್ಬನನ್ನೂ ಗಾಡಿ ಹತ್ತಿಸಬಾರದು. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ, 436 ರೂಪಾಯಿಯ ಜೀವನ್ ಜ್ಯೋತಿ ಬಿಮಾ ತಲಾ ಎರಡು ಲಕ್ಷದ ರಕ್ಷಣೆ ಕೊಡುತ್ತವೆ. ಅದು ಬರೀ ತಳಪಾಯ. ಅದರ ಮೇಲೆ ಸುಟ್ಟಗಾಯದ ಚಿಕಿತ್ಸೆಗೂ ಶಾಶ್ವತ ಅಂಗವೈಕಲ್ಯಕ್ಕೂ ಒದಗುವ ಗುಂಪು ವಿಮೆಯನ್ನು ನಗರಪಾಲಿಕೆ ಕೊಳ್ಳಬೇಕು. ಕರೆ ಬಂದಾಗ ಕಾರ್ಮಿಕನನ್ನು ಬಿಟ್ಟುಕೊಡುವುದಾಗಿಯೂ ಆ ಹೊತ್ತಿನ ಕೂಲಿ ಮುರಿಯುವುದಿಲ್ಲವೆಂದೂ ಮಾಲೀಕರಿಂದ ಬರಹದಲ್ಲಿ ಪಡೆಯಬೇಕು.

ಇಲ್ಲೊಂದು ಅಪಾಯವನ್ನು ಹೇಳಲೇಬೇಕು. ಈ ವ್ಯವಸ್ಥೆಯನ್ನು ನೆಪಮಾಡಿಕೊಂಡು ಇರುವ ಕಾಯಂ ಹುದ್ದೆಗಳನ್ನು ಖಾಲಿ ಬಿಡುವ ನಗರಪಾಲಿಕೆ ಊರಿಗೆ ದ್ರೋಹ ಬಗೆದಂತೆ. ಗಾಡಿ, ಪಂಪು, ಉಸಿರಾಟದ ಸಾಧನಗಳನ್ನು ದಿನವೂ ನೋಡಿಕೊಳ್ಳುವ, ಹೊಸಬರಿಗೆ ಕಲಿಸುವ ಕಾಯಂ ಸಿಬ್ಬಂದಿ ಇಲ್ಲದಿದ್ದರೆ ಕರೆಗೆ ಓಡಿಬಂದವರು ಕೆಟ್ಟ ಗಾಡಿಯ ಸುತ್ತ ನಿಲ್ಲಬೇಕಾಗುತ್ತದೆ.

ಕರೆಯುವುದು, ಕಲಿಸುವುದು

ವಾಟ್ಸ್ಯಾಪ್ ಗುಂಪು ಕರೆಯ ಸಾಧನವಲ್ಲ. ರಾತ್ರಿ ಡೇಟಾ ಆರಿಸಿ ಮಲಗಿದವನಿಗೆ ಅದು ಬೆಳಗ್ಗೆ ಕಾಣುತ್ತದೆ. ಎಲ್ಲರಿಗೂ ಏಕಕಾಲಕ್ಕೆ ಧ್ವನಿಕರೆ ಹೋಗುವ ವ್ಯವಸ್ಥೆ, ಜೊತೆಗೆ ನಗರಪಾಲಿಕೆಯ ಮಾಳಿಗೆಯ ಮೇಲೊಂದು ಸೈರನ್, ಎರಡೂ ಇರಬೇಕು. 101ಕ್ಕೆ ಬರುವ ಕರೆಯನ್ನು ಎತ್ತುವವನು ವಿಳಾಸ, ಏನು ಉರಿಯುತ್ತಿದೆ, ಒಳಗೆ ಜನರಿದ್ದಾರೆಯೇ, ಕರೆ ಮಾಡಿದವರ ನಂಬರ್ ಏನು ಎಂಬ ನಾಲ್ಕನ್ನೂ ಬರೆದುಕೊಳ್ಳಲು ಕಲಿತಿರಬೇಕು. ಕರೆ ಬಂದದ್ದು, ಗಾಡಿ ಹೊರಟದ್ದು, ತಲುಪಿದ್ದು, ಈ ಮೂರು ಸಮಯ ಪ್ರತಿ ಸಲವೂ ಪುಸ್ತಕಕ್ಕೆ ಹತ್ತಬೇಕು. ಮುಂದೆ ಅನುದಾನ ಕೇಳುವಾಗ ಆ ಪುಸ್ತಕಕ್ಕಿಂತ ದೊಡ್ಡ ಸಾಕ್ಷಿ ಬೇರಿಲ್ಲ.

ತರಬೇತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಡುವುದು ಸರಿ. ಮೊದಲ ಎರಡು ವಾರದ ಪಾಠ ಮುಗಿಸಿದವನು ಕಟ್ಟಡದ ಹೊರಗಿನ ಕೆಲಸಕ್ಕೆ ಮಾತ್ರ: ಹೋಸ್ ಹಾಸುವುದು, ಕಪ್ಲಿಂಗ್ ಸೇರಿಸುವುದು, ನೀರಿನ ಮೂಲಕ್ಕೆ ಸಕ್ಷನ್ ಪೈಪ್ ಇಳಿಸುವುದು, ಜನರನ್ನು ದೂರ ಇಡುವುದು, ಪ್ರಥಮ ಚಿಕಿತ್ಸೆ. ಆಪದಾ ಮಿತ್ರರ 12 ದಿನದ ಪಾಠ ಇದಕ್ಕೆ ಒಳ್ಳೆಯ ಆರಂಭ. ಆಮೇಲೆ ವಾರಕ್ಕೊಂದು ಸಂಜೆ ಎರಡು ಗಂಟೆಯ ಕವಾಯತು. ಉಸಿರಾಟದ ಸಾಧನ ಹಾಕಿ ಹೊಗೆ ತುಂಬಿದ ಕೋಣೆಯಲ್ಲಿ ಕಣ್ಣು ಕಾಣದೆ ನಡೆದು ಪಳಗಿದ ಮೇಲಷ್ಟೇ ಒಳಗೆ ಹೋಗುವ ಅನುಮತಿ. ಕಾಯಂ ಮುಂದಾಳುಗಳನ್ನು ಮಾತ್ರ ಪೂರ್ಣ ಕೋರ್ಸಿಗೆ ಕಳಿಸಲೇಬೇಕು. ಅಖಿಲ ಭಾರತ ಸ್ಥಳೀಯ ಸ್ವಯಮಾಡಳಿತ ಸಂಸ್ಥೆ ವಡೋದರಾದಲ್ಲೇ ಅಗ್ನಿಶಾಮಕ ಕೋರ್ಸ್ ನಡೆಸುತ್ತದೆ. ಕರ್ನಾಟಕದಲ್ಲಿ ಇಲಾಖೆಯ ಆರ್.ಎ. ಮುಂಡ್ಕೂರ್ ಅಕಾಡೆಮಿ ಬೆಂಗಳೂರಿನಲ್ಲಿದೆ.

ಹೆದ್ದಾರಿ ಬದಿಯ ಊರಿನವರಿಗೆ ಒಂದು ಪಾಠ ಹೆಚ್ಚು. ಅಹಮದಾಬಾದ್, ವಡೋದರಾ, ಸೂರತ್‌ಗಳನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ರಾಸಾಯನಿಕ ಟ್ಯಾಂಕರುಗಳು ಹಗಲಿರುಳೂ ಓಡುತ್ತವೆ. ಟ್ಯಾಂಕರಿನ ಬದಿಯಲ್ಲಿ ರಾಸಾಯನಿಕದ ಹೆಸರು, ವಿಶ್ವಸಂಸ್ಥೆಯ ಸಂಕೇತ ಸಂಖ್ಯೆ, ತುರ್ತು ಫೋನ್ ಇರುವ ಫಲಕ ಕಡ್ಡಾಯ. ಅದನ್ನು ದೂರದಿಂದ ಓದಿ, ಗಾಳಿ ಬೀಸುವ ಕಡೆಯಿಂದಲೇ ಬಂದು, ಗೊತ್ತಿಲ್ಲದಿದ್ದರೆ ನೀರು ಹಾಯಿಸದೆ ನಿಲ್ಲುವುದನ್ನು ಕಲಿಸಬೇಕು. 2022ರ ಜನವರಿಯಲ್ಲಿ ಸೂರತ್‌ನ ಸಚಿನ್ ಕೈಗಾರಿಕಾ ಪ್ರದೇಶದಲ್ಲಿ ಟ್ಯಾಂಕರಿನಿಂದ ಹರಿದ ರಾಸಾಯನಿಕದ ವಿಷಾನಿಲಕ್ಕೆ ಆರು ಕಾರ್ಮಿಕರು ಬಲಿಯಾದರು. ಬೆಂಕಿಯೇ ಇರಲಿಲ್ಲ.

ಏನನ್ನು ಮೊದಲು ಕೊಳ್ಳಬೇಕು

ಮೊದಲು ಮೈಗೆ, ಆಮೇಲೆ ಗಾಡಿಗೆ. ಪ್ರತಿಯೊಬ್ಬನಿಗೂ ಅವನದೇ ಅಳತೆಯ ಹೆಲ್ಮೆಟ್, ಉರಿ ತಡೆಯುವ ಕೋಟು ಮತ್ತು ಪ್ಯಾಂಟು, ಬೂಟು, ಗ್ಲೌಸ್. ಇಪ್ಪತ್ತು ಜನಕ್ಕೆ ಆರು ಜೊತೆ ತಂದು ಸರದಿಯಲ್ಲಿ ಹಾಕಿಕೊಳ್ಳಿ ಎಂದರೆ ಏಳನೆಯವನು ಅಂಗಿ ಚಪ್ಪಲಿಯಲ್ಲೇ ಬೆಂಕಿಗೆ ನುಗ್ಗುತ್ತಾನೆ.

ಉಸಿರಾಟದ ಸಾಧನ ನಾಲ್ಕಕ್ಕೆ ಕಡಿಮೆ ಬೇಡ. ಇಬ್ಬರು ಒಳಗೆ ಹೋದರೆ ಅವರನ್ನು ಎಳೆದುತರಲು ಇಬ್ಬರು ಹೊರಗೆ ಸಜ್ಜಾಗಿರಬೇಕು. ಸಾಮಾನ್ಯವಾಗಿ ಸಿಗುವ 6.8 ಲೀಟರಿನ ಸಿಲಿಂಡರಿನಲ್ಲಿ 300 ಬಾರ್ ಒತ್ತಡದಲ್ಲಿ ಸುಮಾರು 2,000 ಲೀಟರ್ ಗಾಳಿ ಹಿಡಿಯುತ್ತದೆ. ನಿಮಿಷಕ್ಕೆ 40 ಲೀಟರ್ ಲೆಕ್ಕದಲ್ಲಿ 50 ನಿಮಿಷ. ಹೆದರಿಕೆ, ಭಾರ, ಬಿಸಿಯಲ್ಲಿ ಏದುಸಿರು ಬಿಡುವ ಮನುಷ್ಯನಿಗೆ ಅದು ಅರ್ಧ ಗಂಟೆಗಿಳಿಯುತ್ತದೆ. ಆದ್ದರಿಂದ ಹೆಚ್ಚುವರಿ ಸಿಲಿಂಡರ್ ಬೇಕು, ತುಂಬಿಸುವ ಕಂಪ್ರೆಸರ್ ಎಲ್ಲಿದೆ ಎಂಬ ಏರ್ಪಾಡೂ ಬೇಕು. ಒಂದೊಂದು ಊರೂ ಕಂಪ್ರೆಸರ್ ಕೊಳ್ಳಬೇಕಿಲ್ಲ. ಅಕ್ಕಪಕ್ಕದ ನಾಲ್ಕು ನಗರಪಾಲಿಕೆ ಸೇರಿ ಒಂದನ್ನು ಇಟ್ಟುಕೊಳ್ಳಬಹುದು.

ಗಾಡಿಯ ವಿಷಯದಲ್ಲಿ ಆಸೆ ದಾರಿ ತಪ್ಪಿಸುತ್ತದೆ. ಬೆಂಗಳೂರಿಗೆ 90 ಮೀಟರ್ ಏಣಿ ಬಂದಿದೆ ಎಂದು ಮೂರಂತಸ್ತಿನ ಕಟ್ಟಡವೇ ದೊಡ್ಡದೆನಿಸುವ ಊರು ಹೈಡ್ರಾಲಿಕ್ ಪ್ಲಾಟ್‌ಫಾರ್ಮ್ ಬಯಸಬಾರದು. ಭಾರತೀಯ ಮಾನಕದ ಬಿ ಮಾದರಿಯ ವಾಟರ್ ಟೆಂಡರ್ 4,500 ಲೀಟರ್ ನೀರು, ನಿಮಿಷಕ್ಕೆ 1,800 ಲೀಟರ್ ಎಸೆಯುವ ಪಂಪು ಹೊಂದಿರುತ್ತದೆ. ಪೂರ್ತಿ ವೇಗದಲ್ಲಿ ಓಡಿಸಿದರೆ ಎರಡೂವರೆ ನಿಮಿಷಕ್ಕೆ ಟ್ಯಾಂಕು ಖಾಲಿ. ನಿಮಿಷಕ್ಕೆ 450 ಲೀಟರಿನ ಒಂದೇ ಧಾರೆ ಹಿಡಿದರೂ ಹತ್ತು ನಿಮಿಷ. ಅಷ್ಟರೊಳಗೆ ಎರಡನೇ ನೀರು ಬರಬೇಕು. ಅದಕ್ಕಾಗಿ ಎರಡನೇ ದೊಡ್ಡ ಗಾಡಿಗಿಂತ ಒಂದು ಸಾದಾ ನೀರಿನ ಟ್ಯಾಂಕರು, ಇಬ್ಬರು ಹೊತ್ತೊಯ್ಯಬಲ್ಲ ಪೋರ್ಟಬಲ್ ಪಂಪು, ಬಯಲಲ್ಲಿ ಬಿಚ್ಚಿ ತುಂಬಿಸುವ ಮಡಚುವ ತೊಟ್ಟಿ ಹೆಚ್ಚು ಕೆಲಸಕ್ಕೆ ಬರುತ್ತವೆ. ಹಳೇ ಪೇಟೆಯ ಸಂದುಗಳಿಗೆ ಜೀಪಿನ ಮೇಲೆ ಕಟ್ಟಿದ ಅತಿಒತ್ತಡದ ಮಂಜುನೀರಿನ ಸಣ್ಣ ಘಟಕ ಬೇಕು. ಅಹಮದಾಬಾದಿನ ಹಳೇ ಊರಿನ ಪೋಳ್‌ಗಳೆಂಬ ಇಕ್ಕಟ್ಟಾದ ಓಣಿಗಳಲ್ಲಿ ನಡೆದಾಡಿದವರಿಗೆ ಇದರ ಅಗತ್ಯವನ್ನು ವಿವರಿಸಬೇಕಿಲ್ಲ.

ಹೋಸ್ ಮತ್ತು ಕಪ್ಲಿಂಗ್ ಎಲ್ಲವೂ 63 ಮಿಲಿಮೀಟರಿನ ಒಂದೇ ಮಾನಕದವಾಗಿರಲಿ. ಪಕ್ಕದ ಊರಿನ, ಪಕ್ಕದ ಕಾರ್ಖಾನೆಯ ಹೋಸ್ ನಮ್ಮದಕ್ಕೆ ಸೇರದಿದ್ದರೆ ನೆರವು ಬಂದೂ ವ್ಯರ್ಥ. ಸಕ್ಷನ್ ಪೈಪಿನಿಂದ ಪಂಪು ಏಳೆಂಟು ಮೀಟರಿಗಿಂತ ಆಳದ ನೀರನ್ನು ಎಳೆಯಲಾರದು. ಆದ್ದರಿಂದ ಕೆರೆ, ಕಾಲುವೆ, ಬಾವಿಗಳ ಪಟ್ಟಿಯಲ್ಲಿ ಬೇಸಿಗೆಯ ನೀರಿನ ಮಟ್ಟವನ್ನೂ ಗಾಡಿ ನಿಲ್ಲುವ ಜಾಗವನ್ನೂ ಬರೆದಿಡಬೇಕು. ಓವರ್‌ಹೆಡ್ ಟ್ಯಾಂಕಿನ ಬುಡದಲ್ಲಿ 63 ಮಿಲಿಮೀಟರಿನ ಭರ್ತಿ ಬಾಯಿ ಹಾಕಿಸುವುದು ಪ್ಲಂಬರ್ ಮಾಡುವ ಕೆಲಸ. ಇಡೀ ಪಟ್ಟಿಯಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ಲಾಭ ಕೊಡುವುದು ಇನ್ನೊಂದಿಲ್ಲ.

ಉಳಿದದ್ದು ಆಯಾ ಊರಿನ ಮೇಲೆ. ಬಟ್ಟೆ ಮತ್ತು ಹತ್ತಿಯ ಊರಿಗೆ ಬೇಲ್ ಎಳೆದು ಬಿಚ್ಚುವ ಕೊಕ್ಕೆಗಳು, ಏಕೆಂದರೆ ಬೇಲಿನ ಹೊಟ್ಟೆಯೊಳಗಿನ ಕಿಡಿ ಹೊರಗಿನ ನೀರಿಗೆ ಆರುವುದಿಲ್ಲ. ತೈಲ, ದ್ರಾವಕಗಳ ಊರಿಗೆ ಫೋಮ್. ಹೆದ್ದಾರಿಯ ಊರಿಗೆ ಅಪಘಾತದ ವಾಹನ ಸೀಳುವ ಹೈಡ್ರಾಲಿಕ್ ಕಟರ್. ವಿಶ್ವಾಮಿತ್ರಿ, ತಾಪಿ ನದಿಗಳ ಬದಿಯ ಊರುಗಳಿಗೆ ದೋಣಿ, ಲೈಫ್ ಜಾಕೆಟ್. 2006ರ ಆಗಸ್ಟಿನಲ್ಲಿ ಸೂರತ್, 2024ರ ಆಗಸ್ಟಿನಲ್ಲಿ ವಡೋದರಾ ಮುಳುಗಿದ್ದು ನೆನಪಿರಲಿ. ಉತ್ತರಾಯಣದ ಹೊತ್ತಿಗೆ ಗಾಳಿಪಟದ ಮಾಂಜಾದಲ್ಲಿ ಸಿಕ್ಕ ಹಕ್ಕಿಗಳ ಕರೆಯೂ ಸಾಲುಗಟ್ಟುತ್ತದೆ. ತಂತಿಯ ಬಳಿ ಏಣಿ ಹತ್ತುವ ಆ ಕೆಲಸದಲ್ಲಿ ಜೀವ ಹೋಗಬಹುದು. ವಿದ್ಯುತ್ ಬಂದ್ ಮಾಡಿಸದೆ ಯಾರನ್ನೂ ಹತ್ತಿಸಬಾರದು.

ಕೊಂಡದ್ದನ್ನು ಉಳಿಸಿಕೊಳ್ಳುವುದು ಇನ್ನೊಂದು ಕೆಲಸ. ದಿನಕ್ಕೊಮ್ಮೆ ಎಂಜಿನ್ ಶುರುಮಾಡಿ ಬ್ಯಾಟರಿ, ಟೈರ್, ಡೀಸೆಲ್, ನೀರು ನೋಡುವುದು, ವಾರಕ್ಕೊಮ್ಮೆ ಪಂಪು ಓಡಿಸುವುದು, ಒದ್ದೆ ಹೋಸನ್ನು ಒಣಗಿಸದೆ ಸುತ್ತದಿರುವುದು, ಸಿಲಿಂಡರುಗಳ ಒತ್ತಡ ಪರೀಕ್ಷೆಯನ್ನು ಅವಧಿಗೆ ಮಾಡಿಸುವುದು. 2023ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ನಿಂತಿದೆ, ಈ ನಿಯಮ ನಗರಪಾಲಿಕೆಗಳಿಗೂ ತಗಲುತ್ತದೆ. ಹಾಗಾಗಿ ಹನ್ನೆರಡನೇ ವರ್ಷಕ್ಕೇ ಹೊಸ ಗಾಡಿಯ ಬೇಡಿಕೆ ಕಳಿಸಬೇಕು. ಹಣದ ಒಂದು ದಾರಿ: ಅಗ್ನಿಶಾಮಕ ಸೇವೆಗಳ ವಿಸ್ತರಣೆ, ಆಧುನೀಕರಣಕ್ಕೆ ಕೇಂದ್ರ 2023ರಲ್ಲಿ ಶುರುಮಾಡಿದ 5,000 ಕೋಟಿ ರೂಪಾಯಿಯ ಯೋಜನೆ. ಅದು ಬರುವುದು ರಾಜ್ಯದ ಮೂಲಕ, ರಾಜ್ಯಗಳು ತಮ್ಮ ಪಾಲು ಹಾಕಬೇಕು. ತಮ್ಮ ಊರಿನ ಹೆಸರು ರಾಜ್ಯದ ಪ್ರಸ್ತಾವದಲ್ಲಿ ಸೇರುವಂತೆ ನೋಡಿಕೊಳ್ಳುವುದು ಮುಖ್ಯಾಧಿಕಾರಿಯ ಮತ್ತು ಶಾಸಕರ ಕೆಲಸ.

ನೆರೆಹೊರೆಯ ಒಪ್ಪಂದ

2020ರ ಜನವರಿ 21ರಂದು ಸೂರತ್‌ನ ರಘುವೀರ್ ಮಾರುಕಟ್ಟೆ ಹೊತ್ತಿ ಉರಿದಾಗ 50ಕ್ಕೂ ಹೆಚ್ಚು ಗಾಡಿಗಳು ಸೇರಿದವು. 2025ರ ಫೆಬ್ರುವರಿಯಲ್ಲಿ ಶಿವಶಕ್ತಿ ಜವಳಿ ಮಾರುಕಟ್ಟೆಯ ನೂರಾರು ಅಂಗಡಿಗಳು ಬೂದಿಯಾಗಿ, ಬೆಂಕಿ ದಿನ ಕಳೆದರೂ ಹತೋಟಿಗೆ ಬರಲಿಲ್ಲ. ಇಂಥ ದಿನ ನಗರದಿಂದ ನೆರವು ಬರುವುದಿರಲಿ, ನಗರವೇ ಸುತ್ತಲಿನ ಊರುಗಳ ಗಾಡಿ ಕೇಳುತ್ತದೆ. ಒಂದೇ ಗಾಡಿಯ ಊರು ಅದನ್ನು ಕಳಿಸಿದರೆ ತಾನು ಬರಿದಾಗುತ್ತದೆ. ಯಾವ ಊರು ಯಾವಾಗ ಕಳಿಸಬೇಕು, ಕಳಿಸಿದ ಊರನ್ನು ಆ ಹೊತ್ತು ಯಾರು ಕಾಯಬೇಕು, ಡೀಸೆಲ್ ಮತ್ತು ಫೋಮಿನ ಖರ್ಚು ಯಾರದು ಎಂಬುದನ್ನು ಜಿಲ್ಲಾಧಿಕಾರಿಯ ಎದುರಿಗೆ ಶಾಂತಿಕಾಲದಲ್ಲೇ ಬರೆದುಕೊಳ್ಳಬೇಕು.

ಕೈಗಾರಿಕೆಗಳನ್ನು ಒಳಗೊಳ್ಳುವ ಬಗೆಗೆ ಒಳ್ಳೆಯ ಮಾದರಿ ವಡೋದರಾ ಮತ್ತು ಸೂರತ್‌ಗಳ ನಡುವೆಯೇ ಇದೆ. ಅಂಕಲೇಶ್ವರದ ವಿಪತ್ತು ತಡೆ ಮತ್ತು ನಿರ್ವಹಣಾ ಕೇಂದ್ರ ಅಲ್ಲಿನ ಉದ್ಯಮಗಳ ಬೆಂಬಲದಿಂದ ನಡೆಯುವ ತುರ್ತು ಪಡೆ. ಅದರ ಅಗ್ನಿಶಾಮಕ ಗಾಡಿಗಳು ಸುತ್ತಲಿನ ಕೈಗಾರಿಕಾ ವಸಾಹತುಗಳಿಗೆಲ್ಲ ಓಡುತ್ತವೆ. ಸಾಣಂದ್‌ಗೋ ಕಡೋದರಾಕ್ಕೋ ಇಂಥದ್ದು ಆಗದಿರಲು ಕಾರಣವಿಲ್ಲ. ಕಾರ್ಖಾನೆಗೆ ತನ್ನದೇ ಫೈರ್ ಸಿಬ್ಬಂದಿ ಇರುತ್ತಾರೆ. ನಗರಪಾಲಿಕೆಗೆ ಊರಿನ ಪರಿಚಯವಿರುತ್ತದೆ. ಇಬ್ಬರೂ ತಿಂಗಳಿಗೊಮ್ಮೆ ಒಟ್ಟಿಗೆ ಕವಾಯತು ಮಾಡಿದರೆ ಸಾಕು, ಮೊದಲ ಭೇಟಿ ಬೆಂಕಿಯ ಮುಂದೆ ಆಗುವುದು ತಪ್ಪುತ್ತದೆ.

ಕರೆಯಿಲ್ಲದ ದಿನಗಳಲ್ಲಿ ದಳ ಏನು ಮಾಡಬೇಕು? ಊರು ಸುತ್ತಬೇಕು. 2025ರ ಏಪ್ರಿಲ್ 1ರಂದು ಗುಜರಾತಿನ ಡೀಸಾದಲ್ಲಿ ಪಟಾಕಿ ಗೋದಾಮು ಸಿಡಿದು 21 ಮಂದಿ ಸತ್ತರು. ಅದರ ಪರವಾನಗಿಯ ಅವಧಿ ಮುಗಿದಿತ್ತು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಮೊದಲ ದಿನವೇ 14 ಮಂದಿ ಸತ್ತದ್ದನ್ನು ಕನ್ನಡಿಗರು ಮರೆತಿಲ್ಲ. ಇಂಥ ಗೋದಾಮು ಎಲ್ಲಿದೆ ಎಂಬುದು ಆ ಬೀದಿಯ ಹಾಲಿನವನಿಗೂ ಗೊತ್ತಿರುತ್ತದೆ. ಊರಿನವರೇ ಸೇರಿದ ದಳಕ್ಕೆ ಈ ತಿಳಿವಳಿಕೆ ಸಹಜವಾಗಿಯೇ ಬರುತ್ತದೆ. ತಪಾಸಣೆ, ನೋಟಿಸು ಕೊಡುವ ಅಧಿಕಾರ 2013ರ ಗುಜರಾತ್ ಅಗ್ನಿ ತಡೆ ಕಾಯ್ದೆಯಡಿ ಅಧಿಕಾರಿಗಳದು. ಕಂಡದ್ದನ್ನು ಬರೆದು ಅವರ ಮೇಜಿಗೆ ತಲುಪಿಸುವುದು ದಳದ ಕೆಲಸ. ಹೋಟೆಲ್ ಅಡುಗೆಮನೆಯ ಗ್ಯಾಸ್ ಬ್ಯಾಂಕ್, ಕೋಚಿಂಗ್ ಕ್ಲಾಸಿನ ಬೀಗ ಹಾಕಿದ ಎರಡನೇ ಮೆಟ್ಟಿಲು, ನವರಾತ್ರಿಯ ಗರ್ಬಾ ಪೆಂಡಾಲಿನ ಹೊರಬಾಗಿಲು, ಆಸ್ಪತ್ರೆಯ ತೀವ್ರನಿಗಾ ಘಟಕದ ವೈರಿಂಗ್, ಇವಿಷ್ಟು ಪಟ್ಟಿಯ ಮೇಲ್ಭಾಗದಲ್ಲಿರಲಿ. ಅಹಮದಾಬಾದಿನ ಶ್ರೇಯ್ ಆಸ್ಪತ್ರೆಯಲ್ಲಿ 2020ರ ಆಗಸ್ಟ್ 6ರಂದು ಎಂಟು ರೋಗಿಗಳು, ಭರೂಚಿನ ಆಸ್ಪತ್ರೆಯಲ್ಲಿ 2021ರ ಮೇ 1ರಂದು 18 ಮಂದಿ ಬೆಂಕಿಗೆ ಬಲಿಯಾದರು.

ಸೇರಬಯಸುವವರಿಗೆ ಇಂದೇ ತೆರೆದಿರುವ ಬಾಗಿಲು ಮೂರು. ಗೃಹರಕ್ಷಕ ದಳದ ಜಿಲ್ಲಾ ಕಮಾಂಡೆಂಟ್ ಕಚೇರಿಯಲ್ಲಿ ನೋಂದಣಿಯ ವಿವರ ಸಿಗುತ್ತದೆ. ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ನಿರ್ವಹಣಾ ವಿಭಾಗದಲ್ಲಿ ಆಪದಾ ಮಿತ್ರ ಮತ್ತು ನಾಗರಿಕ ರಕ್ಷಣೆಯ ತರಬೇತಿಯ ಬಗ್ಗೆ ಕೇಳಬಹುದು. ಮೂರನೆಯದು ತಮ್ಮ ನಗರಪಾಲಿಕೆಯ ಠಾಣೆ: 1944ರ ಮುಂಬೈ ಡಾಕ್ ಸ್ಫೋಟದಲ್ಲಿ ಮಡಿದ ಅಗ್ನಿಶಾಮಕರ ನೆನಪಿಗೆ ಪ್ರತಿ ವರ್ಷ ಏಪ್ರಿಲ್ 14ರಿಂದ ನಡೆಯುವ ಅಗ್ನಿಶಾಮಕ ಸಪ್ತಾಹದಲ್ಲಿ ಪ್ರಾತ್ಯಕ್ಷಿಕೆಗಳು ನಡೆಯುತ್ತವೆ. ಆ ವಾರ ಠಾಣೆಗೆ ಹೋಗಿ ಗಾಡಿಯಲ್ಲಿ ಎಷ್ಟು ಉಸಿರಾಟದ ಸಾಧನಗಳಿವೆ, ರಾತ್ರಿ ಪಾಳಿಗೆ ಎಷ್ಟು ಜನ, ಹತ್ತಿರದ ನೀರಿನ ಬಾಯಿ ಎಲ್ಲಿ ಎಂದು ಕೇಳಬೇಕು. ಉತ್ತರವನ್ನು ಬರೆದುಕೊಂಡು ವಾರ್ಡಿನ ಸದಸ್ಯರ ಕೈಗೆ ಕೊಟ್ಟು, ಮುಂದಿನ ಸಾಮಾನ್ಯ ಸಭೆಯ ವಿಷಯಪಟ್ಟಿಯಲ್ಲಿ ಅದನ್ನು ಸೇರಿಸುವಂತೆ ಒತ್ತಾಯಿಸಬೇಕು.